ಹೆಣ್ಣುವೇಷ: ಅಲ್ಲಿ ನಗೆ, ಇಲ್ಲಿ ಅಳು

ಗಂಡಸು ಹೆಣ್ಣಿನ ಉಡುಪು ತೊಟ್ಟು ರಂಗಕ್ಕೆ ಬಂದರೆ ನಗಬೇಕೆ? 1892ರಲ್ಲಿ ಲಂಡನ್ನಿನ ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ಬ್ರ್ಯಾಂಡನ್ ಥಾಮಸ್ ಬರೆದ 'ಚಾರ್ಲೀಸ್ ಆಂಟ್' ಪ್ರಹಸನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಯೊಬ್ಬ ಗೆಳೆಯನ ಸಿರಿವಂತ ಚಿಕ್ಕಮ್ಮನ ವೇಷ ಹಾಕುತ್ತಾನೆ. ಲಂಡನ್ನಿನಲ್ಲೇ 1,466 ಪ್ರದರ್ಶನ ಕಂಡ ನಾಟಕ ಮುಂದೆ ದೇಶದೇಶ ಸುತ್ತಿತು. ಉಳಿದ ಸ್ತ್ರೀಪಾತ್ರಗಳಿಗೆ ಹೆಂಗಸರೇ ಇದ್ದುದರಿಂದ ಆ ಒಂದು ವೇಷ ತಮಾಷೆಯಾಯಿತು.

ಅದೇ ಕಾಲದ ಬಳ್ಳಾರಿಯಲ್ಲಿ ಮಾತೇ ಬೇರೆ. ದಂಡು ಬೀಡುಬಿಟ್ಟಿದ್ದ ಆ ಊರಲ್ಲಿ ಧರ್ಮವರಂ ಕೃಷ್ಣಮಾಚಾರ್ಯರು ಸರಸ ವಿನೋದಿನಿ ಸಭೆ ಕಟ್ಟಿ ತೆಲುಗು ನಾಟಕಗಳನ್ನು ಆಡಿಸಿದರು. ಅಲ್ಲಿ ನಾಯಕಿಯೂ ಗಂಡಸೇ. ಆಕೆಯ ದುಃಖಕ್ಕೆ ಜನ ಕಣ್ಣೀರಿಟ್ಟರೇ ಹೊರತು ನಗಲಿಲ್ಲ. ವೇಷ ರೂಢಿಯಾದಲ್ಲಿ ವಿನೋದಕ್ಕೆ ಎಡೆಯೆಲ್ಲಿ?

ಈ ರೂಢಿಯನ್ನು ಪ್ರಶ್ನಿಸಿದವರು ಆಚಾರ್ಯರ ಸೋದರಳಿಯ, ವಕೀಲ, ನಟ ಬಳ್ಳಾರಿ ರಾಘವ (1880–1946). ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂದು ಅವರು ಪಟ್ಟುಹಿಡಿದರು. ವಿದ್ಯಾವಂತ ಮಹಿಳೆಯರನ್ನು ರಂಗಕ್ಕೆ ಕರೆತಂದರು. ನೆರೆಯ ಮರಾಠಿಯಲ್ಲೂ ನಟಿಯರು ಬಂದ ಮೇಲೆ, 1947ರಲ್ಲಿ, ಆಚಾರ್ಯ ಅತ್ರೆ ಅದೇ ಇಂಗ್ಲಿಷ್ ಪ್ರಹಸನವನ್ನು 'ಮೋರೂಚಿ ಮಾವಶಿ'ಯಾಗಿಸಿ ನಗಿಸಿದರು.

ಬಳ್ಳಾರಿ ಜಿಲ್ಲೆಯದೇ ದರೋಜಿಯಲ್ಲಿ ಈ ಚರ್ಚೆಗೆ ಕೆಲಸವಿರಲಿಲ್ಲ. ಅಲೆಮಾರಿ ಬುಡ್ಗ ಜಂಗಮರ ಈರಮ್ಮ, ಓದುಬರಹ ಅರಿಯದೆಯೂ, ದೀರ್ಘ ಕಾವ್ಯಗಳನ್ನು ನೆನಪಿನಿಂದಲೇ ಹಾಡಿ ಬುರ್ರಕಥೆಯ ಮೇಳವನ್ನು ತಾವೇ ಮುನ್ನಡೆಸಿದರು. 2014ರಲ್ಲಿ ತೀರಿಕೊಂಡ ಅವರಿಗೆ ಯಾವ ಸಭೆಯೂ ರಂಗವನ್ನು ಬಿಟ್ಟುಕೊಡಬೇಕಾಗಿರಲಿಲ್ಲ. ಪಟ್ಟಣದ ರಂಗಭೂಮಿ ವಾದಿಸಿ ಗಳಿಸಿದ ಜಾಗ ಹಳ್ಳಿಯ ಬಯಲಲ್ಲಿ ಆಕೆಯದೇ ಆಗಿತ್ತು.