ದಿನಕ್ಕೆ ಎಷ್ಟು ಮೀನು? ಕಾವೇರಿಯ ಲೆಕ್ಕ, ಕೃಷ್ಣೆಗೆ ಪಾಠ

ಕುಡಚಿ–ಉಗಾರ ಸೇತುವೆ ದಾಟುವಾಗ ಕೃಷ್ಣೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತವರನ್ನು ನೀವೂ ನೋಡಿರುತ್ತೀರಿ. ಒಬ್ಬನಿಗೆ ಅದು ರವಿವಾರದ ಹವ್ಯಾಸ, ಇನ್ನೊಬ್ಬನಿಗೆ ಸಂತೆಯ ರೊಕ್ಕ. ಇಬ್ಬರಿಗೂ ‘ದಿನಕ್ಕೆ ಎರಡೇ ಮೀನು’ ಎಂದರೆ ನ್ಯಾಯವಾದೀತೇ?

ಅಮೆರಿಕದ ಅಲಾಸ್ಕ, ಕೆನಡಾದ ನದಿಗಳಲ್ಲಿ ಹವ್ಯಾಸಕ್ಕೆ ಸಾಲ್ಮನ್ ಹಿಡಿಯುವವರಿಗೆ ಇಂಥ ದಿನದ ಮಿತಿ ಇದೆ. ನಮ್ಮಲ್ಲಿ ಕಾನೂನು ಬೇರೆ ದಾರಿ ಹಿಡಿಯಿತು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು ಅಪರಾಧ ಮಾಡಿತು. ಬಲೆ ಎಂಥದಿರಬೇಕು ಎಂದು ನಿಯಮ ಮಾಡುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿತು. ತಲೆಗೆ ಇಷ್ಟು ಮೀನು ಎಂದು ಮಾತ್ರ ಹೇಳಲಿಲ್ಲ.

ಆ ಕಾಲಕ್ಕೆ ದೊಡ್ಡ ಮೀನು ಹೊಡೆಯುವುದೇ ದೊಡ್ಡಸ್ತಿಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದರು. ಇಂದಿಗೂ ಅದರ ಮಾತು ನಿಂತಿಲ್ಲ.

1972ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಹುಟ್ಟಿತು. ಮುಂದೆ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ ಶಿಬಿರಗಳಲ್ಲಿ ‘ಹಿಡಿ, ತೂಗು, ಬಿಡು’ ಎಂಬ ಪದ್ಧತಿ ನಿಂತಿತು. ಮನೆಗೆ ಒಯ್ಯುವ ಮಿತಿ ಸೊನ್ನೆ. ಮೊದಲು ಕದ್ದು ಮೀನು ಹಿಡಿಯುತ್ತಿದ್ದ ಹಳ್ಳಿಗರಲ್ಲಿ ಕೆಲವರು ಅಲ್ಲೇ ಕಾವಲುಗಾರರಾದರು, ದಾರಿ ತೋರಿಸುವವರಾದರು. ಆದರೂ ಒಂದು ಮಾತು ಉಳಿಯಿತು: ರೊಕ್ಕ ಕೊಟ್ಟ ಅತಿಥಿಯ ಗಾಳ ಆಟ, ಹಳ್ಳಿಯವನ ಬಲೆ ಕಳವು.

2010ರ ನಂತರ ವನ್ಯಧಾಮದೊಳಗಿನ ಗಾಳದ ಆಟವೂ ನಿಂತಿತು. ಆ ಕೆಲಸ ನೆಚ್ಚಿದ್ದ ಹಳ್ಳಿಗರಿಗೆ ಪೆಟ್ಟು ಬಿತ್ತು.

ಶಿಬಿರದವರು ಬರೆದಿಟ್ಟ ಲೆಕ್ಕ ಮಾತ್ರ ಉಪಯೋಗಕ್ಕೆ ಬಂತು. ಸಂಶೋಧಕರು ಅದನ್ನು ತಿರುವಿ ನೋಡಿದಾಗ ಗಾಳಕ್ಕೆ ಸಿಕ್ಕ ಮೀನಿನ ಸಂಖ್ಯೆ ಏರಿತ್ತು, ಕಾವೇರಿಯ ಸ್ವಂತ ಗೂನುಬೆನ್ನಿನ ಮಹಶೀರ್ ಮಾತ್ರ ಕುಸಿದಿತ್ತು. ಏರಿದ್ದು ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಜಾತಿ. ಲೋಣಾವಳದ ಟಾಟಾ ಮರಿ ಕೇಂದ್ರದಲ್ಲಿ ಬೆಳೆದ ಆ ಜಾತಿಗೆ 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಹೆಸರಿಟ್ಟದ್ದು ಪುಣೆ ಬಳಿಯ ನದಿಯಲ್ಲಿ ಕಂಡು. ಆ ನೀರು ಭೀಮೆಯ ಮೂಲಕ ಕೃಷ್ಣೆಗೇ ಸೇರುತ್ತದೆ. ಒಳ್ಳೆಯದಾಗಲೆಂದು ಬಿಟ್ಟ ನಮ್ಮ ಕಡೆಯ ಮೀನು ಅಲ್ಲಿನ ಮೀನಿಗೆ ಮುಳುವಾಯಿತು. 2018ರಲ್ಲಿ ಗೂನುಬೆನ್ನಿನ ಮಹಶೀರ್ ತೀರಾ ಅಳಿವಿನಂಚಿನ ಪಟ್ಟಿಗೆ ಸೇರಿತು.

ಎಷ್ಟು ಮೀನು ಎಂಬುದಷ್ಟೇ ಸಾಲದು. ಯಾವ ಮೀನು, ಯಾವ ಕಾಲ, ಯಾರ ಕೈ ಎಂಬುದನ್ನೂ ಕೇಳಬೇಕು. ಮಿರಗದ ಮಳೆಗೆ ಮೊಟ್ಟೆ ಹೊತ್ತು ಏರುವ ಮೀನನ್ನು ಬಿಡೋಣ. ಮಿತಿ ಹಾಕುವುದಾದರೆ ಮೊದಲು ಸಿಡಿಮದ್ದಿಗೆ, ನಂತರ ಹವ್ಯಾಸಕ್ಕೆ ಹಾಕಲಿ. ನದಿ ನಂಬಿ ಉಣ್ಣುವವರ ಬಲೆಯ ಲೆಕ್ಕ ಅವರನ್ನು ಕೂಡಿಸಿಕೊಂಡೇ ಆಗಲಿ.