ಬಿರುಕು ಬೆಸೆಯುವ ಸೂಕ್ಷ್ಮಜೀವಿಗಳು

ಹಂದನಕೆರೆಯ ತೆಂಗಿನ ತೋಟಗಳಲ್ಲಿ ನೀರಿಗಾಗಿ ಕಟ್ಟಿಸಿದ ಕಾಂಕ್ರೀಟ್ ತೊಟ್ಟಿ ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟರೆ ರೈತನಿಗೆ ಎರಡು ನಷ್ಟ: ನೀರೂ ಹೋಯಿತು, ದುಡ್ಡೂ ಹೋಯಿತು. ಹಿಂದಿನವರ ಸುಣ್ಣದ ಗಾರೆ ಇಷ್ಟು ಬೇಗ ಸೋಲುತ್ತಿರಲಿಲ್ಲ ಎಂದು ಹಿರಿಯರು ಹೇಳುವುದುಂಟು. ಆ ಮಾತಿನಲ್ಲಿ ಸತ್ಯಾಂಶವಿದೆ.

ಎತ್ತು ಕಟ್ಟಿದ ಗಾಣದಲ್ಲಿ ಅರೆದ ಗಾರೆಯಲ್ಲಿ ಸಣ್ಣ ಬಿರುಕು ಮೂಡಿದರೆ, ಒಳನುಗ್ಗಿದ ನೀರು ಅಲ್ಲಿದ್ದ ಸುಣ್ಣವನ್ನು ಕರಗಿಸುತ್ತದೆ. ಆ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಾಗಿ, ಬಿರುಕನ್ನು ತುಂಬುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಗೂ ಬಳಸಿದ್ದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯನ್ನೇ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಸ್ವಾತಂತ್ರ್ಯಾನಂತರ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿಯೇ ಸಿಮೆಂಟ್ ಕಾರ್ಖಾನೆ ತಲೆಯೆತ್ತಿತು. ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ, ಹೆಚ್ಚು ಭಾರ ಹೊರುತ್ತದೆ. ಆದರೆ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಗುಣ ಅದರಲ್ಲಿ ಕಡಿಮೆ. ಬಿರುಕಿನಿಂದ ಇಳಿದ ನೀರು ಒಳಗಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಉಬ್ಬಿದ ತುಕ್ಕು ಕಾಂಕ್ರೀಟನ್ನೇ ಒಡೆಯುತ್ತದೆ.

ಈ ಕೊರತೆಯನ್ನು ನೀಗಲು ವಿಜ್ಞಾನಿಗಳು ಬ್ಯಾಕ್ಟೀರಿಯಾಗಳ ಮೊರೆಹೊಕ್ಕರು. ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹೆಂಕ್ ಯೋಂಕರ್ಸ್ 2006ರಲ್ಲಿ ಈ ಶೋಧನೆ ಆರಂಭಿಸಿದರು. ಕ್ಷಾರದಲ್ಲೂ ಬದುಕಬಲ್ಲ ಬ್ಯಾಕ್ಟೀರಿಯಾದ ಬೀಜಕಗಳನ್ನು, ಅವಕ್ಕೆ ಆಹಾರವಾದ ಕ್ಯಾಲ್ಸಿಯಂ ಲ್ಯಾಕ್ಟೇಟಿನೊಂದಿಗೆ, ಕಾಂಕ್ರೀಟಿನಲ್ಲಿ ಬೆರೆಸುವುದು ಅವರ ಕ್ರಮ. ಬೀಜಕಗಳು ವರ್ಷಗಟ್ಟಲೆ ನಿದ್ರಿಸುತ್ತವೆ. ಬಿರುಕಿನಲ್ಲಿ ನೀರು, ಆಮ್ಲಜನಕ ಇಳಿದಾಗ ಎಚ್ಚೆತ್ತು, ಆಹಾರ ತಿಂದು ಸುಣ್ಣಕಲ್ಲನ್ನು ಕಟ್ಟುತ್ತವೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದೇ ದಾರಿಯಲ್ಲಿದೆ. ಇಸ್ರೋ ಜೊತೆಗೂಡಿ ಅಲ್ಲಿನ ವಿಜ್ಞಾನಿಗಳು ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಸ್ಪೋರೋಸಾರ್ಸಿನಾ ಪಾಶ್ಚರಿಯೈ ಎಂಬ ಬ್ಯಾಕ್ಟೀರಿಯಾ, ಯೂರಿಯಾ ಹಾಗೂ ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆ ತಯಾರಿಸಿದ ಸುದ್ದಿ 2020ರಲ್ಲಿ ಬಂತು. ಹೆಚ್ಚು ಶಾಖದಲ್ಲಿ ಸುಟ್ಟ ಇಂಥ ಇಟ್ಟಿಗೆಯ ಬಿರುಕಿಗೆ ಬ್ಯಾಕ್ಟೀರಿಯಾ ಬೆರೆತ ಲೇಪವನ್ನು ತುಂಬಿದರೆ ಕಳೆದ ಬಲದ ಒಂದು ಭಾಗ ಮರಳುತ್ತದೆಂದು 2025ರಲ್ಲಿ ಅವರು ತೋರಿಸಿದರು. ಹೊಲದ ಗೊಬ್ಬರ, ಅಡಿಗೆಮನೆಯ ತರಕಾರಿ ಎರಡೂ ಚಂದ್ರನ ಮನೆಗೆ ಒದಗುತ್ತಿವೆ!

ಈ ವಿದ್ಯೆಗೆ ಮಿತಿಯೂ ಉಂಟು. ಕೂದಲೆಳೆಯಂಥ ಬಿರುಕು ಮುಚ್ಚೀತು. ಕುಸಿದ ಬುನಾದಿಯನ್ನು ಎತ್ತಿ ನಿಲ್ಲಿಸದು. ಸಾಮಾನ್ಯ ಕಾಂಕ್ರೀಟಿಗಿಂತ ಖರ್ಚೂ ಹೆಚ್ಚು. ಆದರೂ ಗಾರೆ ಮಾಡಿದ ಕೆಲಸವನ್ನೇ ಬ್ಯಾಕ್ಟೀರಿಯಾ ಮಾಡುತ್ತಿದೆ ಎಂಬುದು ಗಮನಾರ್ಹ. ಬೆಸೆಯುವುದು ಅಂದೂ ಸುಣ್ಣಕಲ್ಲೇ, ಇಂದೂ ಸುಣ್ಣಕಲ್ಲೇ.