ಮಕ್ಕಳಲ್ಲಿನ ಭಿನ್ನತೆಯೂ ಗುರುವಿನ ದೃಷ್ಟಿಯೂ

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಹಿಂದಿನದನ್ನು ಸ್ಮರಿಸುವಾಗ ದೇವಾಲಯದ ಕಟ್ಟಡವನ್ನಷ್ಟೇ ನೆನೆದರೆ ಸಾಲದು. ಮಕ್ಕಳು ಕಲಿತ ಶಾಲೆಯ ಕೋಣೆಯನ್ನೂ ನೆನೆಯಬೇಕು. ಆ ಕೋಣೆಯಲ್ಲಿ ಯಾರು ಮುಂದಿನ ಸಾಲಿನಲ್ಲಿ ಕುಳಿತರು, ಯಾರು ಬಾಗಿಲ ಬಳಿಯೇ ಉಳಿದರು ಎಂಬುದನ್ನು ಬಹುಮಟ್ಟಿಗೆ ಗುರುವಿನ ದೃಷ್ಟಿಯೇ ನಿರ್ಧರಿಸಿದೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಇತಿಹಾಸ ಇದಕ್ಕೆ ಸಾಕ್ಷಿ.

1858ರ ಬಂಡಾಯದ ತರುವಾಯ ಸುರಪುರ ಸಂಸ್ಥಾನವು 1860ರಲ್ಲಿ ನಿಜಾಮರ ವಶವಾಯಿತು. ಯಾದಗಿರಿ, ಶಹಾಪುರಗಳೂ ಅದೇ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿಯೂ ಪ್ರೌಢಶಿಕ್ಷಣದಲ್ಲಿಯೂ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆಯೂ ಉರ್ದುವೇ. ಇಂಥ ಏರ್ಪಾಡಿನಲ್ಲಿ ಉತ್ತರ ಹೇಳಲಾರದೆ ತಲೆತಗ್ಗಿಸಿ ನಿಂತ ಕನ್ನಡದ ಹುಡುಗನನ್ನು ಮಂದಮತಿಯೆಂದು ಎಣಿಸುವುದು ಸುಲಭವಾಗಿತ್ತು. ಕೊರತೆಯಿದ್ದುದು ಅವನ ಬುದ್ಧಿಯಲ್ಲಲ್ಲ, ಅವನ ಮಾತಿಗೆ ಸ್ಥಾನ ಕೊಡದ ವ್ಯವಸ್ಥೆಯಲ್ಲಿ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ, ಕನ್ನಡವೇ ಶಾಲೆಯ ಭಾಷೆಯಾಯಿತು. ಆದರೆ ಒಂದು ಮಾತನ್ನು ನಾವು ಮರೆತೆವು. ಅಂದು ನಮ್ಮ ಹಿರಿಯರು ನಿಂತಿದ್ದ ಜಾಗದಲ್ಲಿಯೇ ಇಂದು ತಾಂಡಾದ ಮಗು ನಿಂತಿದೆ. ಅದರ ಮನೆಮಾತು ಲಂಬಾಣಿ. ರಾಜಸ್ಥಾನದ ಮಾತುಗಳಿಗೆ ಹತ್ತಿರವಾದ, ಕನ್ನಡದಿಂದ ಬೇರೆಯೇ ಆದ ನುಡಿ. ಒಂದನೆಯ ತರಗತಿಗೆ ಬಂದ ದಿನ ಗುರುಗಳ ಮಾತು ಅದಕ್ಕೆ ಅಪರಿಚಿತ. “ಈ ಮಗುವಿಗೆ ಏನೂ ಬಾರದು” ಎಂದು ಭಾವಿಸಿದ ಶಿಕ್ಷಕರು ಅದನ್ನು ಹಿಂದೆ ಕೂರಿಸುತ್ತಾರೆ, ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ. “ಇದಕ್ಕೆ ಇನ್ನೊಂದು ಭಾಷೆ ಬರುತ್ತದೆ” ಎಂದು ಕಂಡವರು ಅದರಿಂದ ನಾಲ್ಕು ಪದ ಕಲಿತು, ಅವುಗಳ ಪಕ್ಕದಲ್ಲಿ ಕನ್ನಡದ ಪದವನ್ನಿರಿಸುತ್ತಾರೆ. ಮಗು ಒಂದೇ, ದೃಷ್ಟಿ ಬೇರೆ, ಫಲವೂ ಬೇರೆ.

ಅಂಗವೈಕಲ್ಯವುಳ್ಳ ಮಕ್ಕಳ ವಿಷಯದಲ್ಲಿಯೂ ಹೀಗೆಯೇ. 1974ರಲ್ಲಿ ಕೇಂದ್ರ ಸರಕಾರವು ಅವರನ್ನು ಸಾಮಾನ್ಯ ಶಾಲೆಗಳಲ್ಲಿಯೇ ಓದಿಸುವ ಯೋಜನೆಯನ್ನು ಆರಂಭಿಸಿತು. 1994ರಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ ಸೇರಿದ 92 ಸರಕಾರಗಳ ಪ್ರತಿನಿಧಿಗಳು, ಶಾಲೆಯೇ ಮಗುವಿಗೆ ಹೊಂದಿಕೊಳ್ಳಬೇಕೆಂದು ಸಾರಿದರು. 2009ರ ಶಿಕ್ಷಣ ಹಕ್ಕಿನ ಕಾಯಿದೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದವು. ಕಾಯಿದೆ ಬಾಗಿಲನ್ನು ತೆರೆಯಬಲ್ಲದು. ಒಳಗೆ ಬಂದವನಿಗೆ ಕೂರಲು ಎಡೆಮಾಡಿಕೊಡುವವರು ಗುರುಗಳೇ. ಕಿವಿ ಮಂದವಾದ ಮಗುವಿಗೆ ಮುಖ ಕಾಣುವಂತೆ ನಿಂತು ಪಾಠ ಹೇಳಲು, ಕಣ್ಣು ಮಂದವಾದುದಕ್ಕೆ ಹಲಗೆಯ ಮೇಲೆ ದೊಡ್ಡಕ್ಷರ ಬರೆಯಲು ಯಾವ ಅನುದಾನವೂ ಬೇಕಿಲ್ಲ.

2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75ರಷ್ಟಿದ್ದರೆ, ಈ ಜಿಲ್ಲೆಯದು ಸುಮಾರು 52 ಮಾತ್ರ, ರಾಜ್ಯದಲ್ಲಿಯೇ ಕನಿಷ್ಠ. ಬಡತನ, ಬರ, ದುಡಿಮೆಗಾಗಿ ಬೆಂಗಳೂರು, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳು, ಇವೆಲ್ಲ ಕಾರಣಗಳೇ. ಗುಳೆಯಿಂದ ಮರಳಿದ ಮಗು ಮತ್ತೆ ಶಾಲೆಯ ಹೊಸ್ತಿಲಿಗೆ ಬಂದಾಗ “ಇಷ್ಟು ದಿನ ಎಲ್ಲಿ ಹೋಗಿದ್ದೆ?” ಎಂಬ ಗದರಿಕೆ ಕೇಳುತ್ತದೆಯೋ, “ಬಾ, ಕುಳಿತುಕೋ” ಎಂಬ ಕರೆ ಕೇಳುತ್ತದೆಯೋ ಎಂಬುದರ ಮೇಲೆ ಅದರ ಮುಂದಿನ ಬಾಳು ನಿಂತಿದೆ.

ಜನಾಂಗ, ಸ್ಥಿತಿಗತಿ, ವಯಸ್ಸುಗಳ ಭೇದವಿಲ್ಲದೆ ಎಲ್ಲರಿಗೂ ವಿದ್ಯೆಯ ಹಕ್ಕುಂಟೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಘೋಷಿಸಿತು. ತಪ್ಪಿಹೋದ ಒಂದು ಕುರಿಯನ್ನು ಅರಸುತ್ತ ಹೊರಟ ಕುರುಬನ ಕಥೆಯನ್ನು ಬಲ್ಲ ನಮಗೆ ಇದು ಹೊಸದಲ್ಲ. ಮುಂದಿನ ನೂರು ವರ್ಷಗಳಲ್ಲಿ ನಮ್ಮ ಯಾವ ಶಾಲೆಯಲ್ಲಿಯೂ ಒಂದು ಮಗುವೂ ಬಾಗಿಲ ಬಳಿ ಉಳಿಯದಿರಲಿ ಎಂಬುದೇ ನಮ್ಮ ಹಾರೈಕೆ.